ಸ್ವಂತ ಖರ್ಚಿನಲ್ಲಿ ಹಾಜರಾಗತಕ್ಕದ್ದು

ನೌಕರಿಗೆ ಅರ್ಜಿ ಹಾಕಿಕೊಂಡ ಮಗಳಿಗೆ ಸಂದರ್ಶನದ ಕರೆ ಬಂದರೆ ಮನೆಮಂದಿಯೆಲ್ಲ ಅದರ ಮೊದಲ ಸಾಲು ಓದಿ ಹಿಗ್ಗುತ್ತಾರೆ. ಕೊನೆಯ ಸಾಲು ಓದುವವಳು ತಾಯಿ ಮಾತ್ರ. ‘ಅಭ್ಯರ್ಥಿಗಳು ಮೂಲ ದಾಖಲೆಗಳೊಂದಿಗೆ ಸ್ವಂತ ಖರ್ಚಿನಲ್ಲಿ ಹಾಜರಾಗತಕ್ಕದ್ದು. ಯಾವುದೇ ಪ್ರಯಾಣ ಭತ್ಯೆ ನೀಡಲಾಗುವುದಿಲ್ಲ.’ ಈ ‘ತಕ್ಕದ್ದು’ ಎಂಬ ಪದವನ್ನು ನಮ್ಮ ಕಚೇರಿಗಳಿಗೆ ಯಾರು ಕಲಿಸಿಕೊಟ್ಟರೋ! ಮೊದಲು ಅದು ಅಂಚೆಯ ಕಂದು ಲಕೋಟೆಯಲ್ಲಿ ಬರುತ್ತಿತ್ತು, ಈಗ ಮೊಬೈಲಿನಲ್ಲಿ ಬರುತ್ತದೆ. ಲಕೋಟೆ ಹೋದರೂ ಸಾಲು ಉಳಿದುಕೊಂಡಿದೆ.

ಬೆಂಗಳೂರಿನ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಇರುವ ಹುಡುಗಿಗೆ ಈ ಸಾಲಿನ ಅರ್ಥ ಒಂದು ಸಿಟಿ ಬಸ್ಸಿನ ಟಿಕೆಟ್ಟು. ಅವಳು ಮನೆಯಲ್ಲಿ ಸ್ನಾನ ಮಾಡಿ, ಅಮ್ಮ ಮಾಡಿದ ಉಪ್ಪಿಟ್ಟು ತಿಂದು, ಇಸ್ತ್ರಿ ಮಾಡಿದ ಸೀರೆ ಮುದುಡದಂತೆ ಹೋಗಿ ಕುಳಿತು, ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು. ಬೀದರಿನವಳಿಗೆ ಅದೇ ಸಾಲಿನ ಅರ್ಥ ಹೆಚ್ಚುಕಡಿಮೆ ಏಳುನೂರು ಕಿಲೋಮೀಟರ್. ಔರಾದಿನವಳಾದರೆ ಅದಕ್ಕೆ ಇನ್ನೂ ನಲವತ್ತು ಸೇರಿಸಿಕೊಳ್ಳಿ. ನಮ್ಮ ಅಜ್ಜಿಯ ಕಾಲದಲ್ಲಿ ಬೀದರಿಗೆ ಹೈದರಾಬಾದೇ ರಾಜಧಾನಿ, ಹೊತ್ತು ಮುಳುಗುವುದರೊಳಗೆ ಹೋಗಿ ಮುಟ್ಟುವ ಊರು. 1956ರ ನವೆಂಬರ್ ಒಂದರಂದು ನಾವು ಕನ್ನಡನಾಡಿಗೆ ಸೇರಿದೆವು. ಸೇರಿದ್ದು ನಮಗೆ ಹೆಮ್ಮೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೇರಿಸಿಕೊಂಡವರಿಗೆ ನಾವೆಷ್ಟು ದೂರ ಇದ್ದೇವೆ ಎಂಬುದು ನೆನಪಿರಬೇಕಲ್ಲ? ವಿಭಾಗ ಕೇಂದ್ರವಾದ ಕಲಬುರಗಿಗೆ ನಮ್ಮೂರಿನಿಂದ ನೇರ ರೈಲು ಹಳಿ ಬೀಳಲು 2017ರ ಅಕ್ಟೋಬರ್ ಬರಬೇಕಾಯಿತು. ನೂರಹತ್ತು ಕಿಲೋಮೀಟರಿನ ಹಳಿ!

ನಾನಿರುವುದು ಚಿದ್ರಿಯಲ್ಲಿ. ನಮ್ಮ ತಲೆಯ ಮೇಲೆ ವಾಯುಪಡೆಯ ತರಬೇತಿ ವಿಮಾನಗಳು ದಿನಾ ಗಿರಕಿ ಹೊಡೆಯುತ್ತವೆ. ಎದುರಿನವರ ಮಾತು ಕೇಳಿಸದೆ ನಾವು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ವಿಮಾನ ಹೋದಮೇಲೆ ಅಲ್ಲಿಂದಲೇ ಮುಂದುವರಿಸುವುದನ್ನು ರೂಢಿ ಮಾಡಿಕೊಂಡಿದ್ದೇವೆ. 2020ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ಪ್ರಯಾಣಿಕರ ವಿಮಾನವೂ ಶುರುವಾದಾಗ ಓಣಿಯ ಮಕ್ಕಳೆಲ್ಲ ಮಾಳಿಗೆ ಹತ್ತಿ ನೋಡಿದರು. ಆ ವಿಮಾನದಲ್ಲಿ ನೌಕರಿ ಇದ್ದವರು ಹೋದರು. ನೌಕರಿ ಹುಡುಕುವವರು ಮಾಳಿಗೆಯ ಮೇಲೇ ಇದ್ದರು.

ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಔರಾದ್ ಕಡೆಯ ಒಬ್ಬ ಹುಡುಗಿ ಬಾಡಿಗೆಗೆ ಇದ್ದಾಳೆ. ಎಂ.ಎಸ್ಸಿ., ಬಿ.ಎಡ್. ಮುಗಿಸಿ ಇಪ್ಪತ್ತೊಂಬತ್ತರಲ್ಲಿದ್ದಾಳೆ. ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿ ತಿಂಗಳಿಗೆ ಎರಡೂವರೆ ಸಾವಿರ ದುಡಿಯುತ್ತಾಳೆ. ಲೆಕ್ಕದಲ್ಲಿ ಗಟ್ಟಿ, ಖರ್ಚಿನ ಪುಸ್ತಕ ಇಡುತ್ತಾಳೆ. ಅವಳ ಮೊದಲ ಬೆಂಗಳೂರು ಸಂದರ್ಶನದ ಪುಟವನ್ನು ಅವಳ ಅಪ್ಪಣೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೂ ಜೊತೆಗೆ ಹೋದ ತಮ್ಮನಿಗೂ ಮಲಗುವ ಬಸ್ಸು, ಹೋಗಿಬರಲು 4800. ಲಾಡ್ಜು ಒಂದು ದಿನಕ್ಕೆ 1200. ಆಟೋ 450. ಊಟ, ಚಹಾ 700. ಝೆರಾಕ್ಸು, ಫೋಟೋ 180. ಒಟ್ಟು 7330. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ತಮ್ಮನ ಎರಡು ದಿನದ ಪಗಾರ ಹೋದದ್ದು 1000’ ಎಂದು ಬರೆದುಕೊಂಡಿದ್ದಾಳೆ. ಅಂದರೆ ಮೂರು ತಿಂಗಳಿಗೂ ಮಿಕ್ಕಿದ ಟ್ಯೂಷನ್ ದುಡ್ಡು. ಇಷ್ಟಕ್ಕೂ ಒಳಗೆ ಅವಳನ್ನು ಮಾತಾಡಿಸಿದ್ದು ಹನ್ನೊಂದು ನಿಮಿಷವಂತೆ. ಅದನ್ನೂ ಬರೆದಿಟ್ಟಿದ್ದಾಳೆ.

ತಮ್ಮ ಯಾಕೆ ಹೋಗಬೇಕಿತ್ತು, ಓದಿದ ಹುಡುಗಿ ಒಬ್ಬಳೇ ಹೋಗಬಾರದೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಒಬ್ಬಳೇ ಹೋಗಲಿ ಎನ್ನುವವಳೇ ನಾನೂ. ಆದರೆ ಆ ತಾಯಿಯನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಬೆಳಗಿನ ಐದಕ್ಕೆ ಬಸ್ಸು ಮೆಜೆಸ್ಟಿಕ್ಕಿನಲ್ಲಿ ಇಳಿಸುತ್ತದೆ. ಸಂದರ್ಶನ ಹತ್ತು ಗಂಟೆಗೆ. ನಡುವೆ ಐದು ತಾಸು ಅವಳು ಎಲ್ಲಿರಬೇಕು? ಎಲ್ಲಿ ಮೈ ತೊಳೆಯಬೇಕು, ಎಲ್ಲಿ ಸೀರೆ ಬದಲಿಸಬೇಕು? ಗಂಡುಹುಡುಗ ಬೆಂಚಿನ ಮೇಲೆ ಒರಗಿ, ನಲ್ಲಿಗೆ ಮುಖವೊಡ್ಡಿ, ಅಂಗಿ ಕೊಡವಿಕೊಂಡು ಹೋಗಿಬಿಡುತ್ತಾನೆ. ಹುಡುಗಿಗೆ ಬಾಗಿಲಿರುವ ಒಂದು ಕೋಣೆ ಬೇಕು, ಕೋಣೆಗೆ ಬಾಡಿಗೆ ಬೇಕು. ಕೆಲವು ಲಾಡ್ಜುಗಳಲ್ಲಿ ಒಂಟಿ ಹುಡುಗಿಯನ್ನು ನೋಡುವ ನೋಟವೇ ಬೇರೆ, ಅದಕ್ಕೆ ಒಬ್ಬ ತಮ್ಮನೂ ಬೇಕು. ಹೀಗೆ ‘ಸ್ವಂತ ಖರ್ಚು’ ಎನ್ನುವುದು ಗಂಡಿಗೆ ಒಂದಾದರೆ ಹೆಣ್ಣಿಗೆ ಎರಡು. ಆ ಸಾಲು ಬರೆದವರಿಗೆ ಇದು ಹೊಳೆದಿರಲಾರದು.

ಶಕ್ತಿ ಯೋಜನೆ ಇದೆಯಲ್ಲ ಎನ್ನುತ್ತೀರಿ. ಇದೆ, ಮತ್ತು ಅದನ್ನು ನಾನು ಹೊಗಳುತ್ತೇನೆ. 2023ರ ಜೂನ್ 11ರಿಂದ ನಮ್ಮ ಹೆಂಗಸರು ಕೈಚೀಲ ತಡಕಾಡದೆ ಬಸ್ಸು ಹತ್ತುವಂತಾಯಿತು. ಔರಾದಿನಿಂದ ಬೀದರಿಗೆ, ಭಾಲ್ಕಿಯಿಂದ ಬೀದರಿಗೆ ಪರೀಕ್ಷೆಗೆ, ಝೆರಾಕ್ಸಿಗೆ, ಅರ್ಜಿಗೆ ಅಡ್ಡಾಡುವ ಹುಡುಗಿಯರನ್ನು ಕೇಳಿ ನೋಡಿ, ಅವರು ಹೇಳುತ್ತಾರೆ. ಆದರೆ ಅದು ಸಾಮಾನ್ಯ ಬಸ್ಸಿಗೆ ಮಾತ್ರ. ಮಲಗುವ ಬಸ್ಸಿಗೆ ಇಲ್ಲ, ಹೈದರಾಬಾದಿಗೆ ಹೋಗುವ ಅಂತರರಾಜ್ಯ ಬಸ್ಸಿಗೆ ಇಲ್ಲ. ನಮಗೆ ಹತ್ತಿರದ ದೊಡ್ಡ ಊರು ಹೈದರಾಬಾದೇ ಎಂಬುದನ್ನು ಮರೆಯಬೇಡಿ. ನಮ್ಮ ಹುಡುಗಿ ಎರಡನೆಯ ಸಂದರ್ಶನಕ್ಕೆ ಹಾಗೇ ಹೋದಳು. ಬೀದರಿನಿಂದ ಕಲಬುರಗಿ, ಅಲ್ಲಿಂದ ಬಸ್ಸು ಬದಲಿಸುತ್ತಾ ಬದಲಿಸುತ್ತಾ ಬೆಂಗಳೂರು, ರಾತ್ರಿಯಿಡೀ ಕುಳಿತೇ. ಅವಳದು ಪುಕ್ಕಟೆ, ತಮ್ಮನದು ಟಿಕೆಟ್ಟು. ಆ ಟಿಕೆಟ್ಟಿಗೂ ಲಾಡ್ಜಿಗೂ ಅವಳ ಅವ್ವನ ಕಿವಿಯ ಬೆಂಡೋಲೆ ಅಡವಿಗೆ ಹೋದವು. ಕಾಲು ಬಾತು, ಕಣ್ಣು ಕೆಂಪಾಗಿ ಒಳಗೆ ಹೋದವಳಿಗೆ ಎದುರು ಕುಳಿತ ಮಹನೀಯರೊಬ್ಬರು ‘ಏನಮ್ಮಾ, ಮುಖದಲ್ಲಿ ಲವಲವಿಕೆಯೇ ಇಲ್ಲವಲ್ಲ, ಮಕ್ಕಳಿಗೆ ಹೇಗೆ ಪಾಠ ಮಾಡುತ್ತೀರಿ?’ ಎಂದು ಕೇಳಿದರಂತೆ. ಯಾವ ಸಂಸ್ಥೆ ಎಂದು ಹೇಳಿ ಅವಳ ಮುಂದಿನ ದಾರಿಗೆ ನಾನು ಕಲ್ಲು ಹಾಕುವುದಿಲ್ಲ.

ಈ ಸುಖ ನನಗೂ ಗೊತ್ತು. ತೊಂಬತ್ತರ ದಶಕದಲ್ಲಿ ನನಗೂ ದಕ್ಷಿಣದ ಒಂದು ಊರಿನ ಖಾಸಗಿ ಶಾಲೆಯಿಂದ ಕರೆ ಬಂದಿತ್ತು. ಅಪ್ಪ ಎರಡು ಚೀಲ ತೊಗರಿ ಮಾರಿ ನನ್ನನ್ನು ಕರೆದುಕೊಂಡು ಹೋದರು. ಒಂದು ರಾತ್ರಿ, ಒಂದು ಹಗಲಿನ ಪ್ರಯಾಣ. ಹೋಗಿ ನೋಡಿದರೆ ಸಂದರ್ಶನ ಮುಂದಕ್ಕೆ ಹೋಗಿದೆ! ‘ಕಾಗದ ಹಾಕಿದ್ದೆವಲ್ಲ, ಮುಟ್ಟಲಿಲ್ಲವೇ?’ ಎಂದರು ಗುಮಾಸ್ತರು, ತಪ್ಪು ಅಂಚೆಯದೋ ನಮ್ಮದೋ ಎಂಬಂತೆ. ನಾವು ಮನೆಗೆ ಮರಳಿದ ಮೂರನೆಯ ದಿನ ಆ ಕಾಗದ ಬಂತು. ಅಪ್ಪ ಏನೂ ಆಡಲಿಲ್ಲ. ಮುಂದಿನ ತಾರೀಖಿಗೆ ಮಾರಲು ಮನೆಯಲ್ಲಿ ತೊಗರಿ ಇರಲಿಲ್ಲ, ನಾನು ಹೋಗಲಿಲ್ಲ. ಅವರ ಕಡತದಲ್ಲಿ ನನ್ನ ಹೆಸರಿನ ಮುಂದೆ ‘ಗೈರು’ ಎಂದು ಬರೆದಿದ್ದಿರಬೇಕು. ನಮ್ಮ ಕಡತಗಳಲ್ಲಿ ಗೈರು ಎಂದು ಬರೆಯಲು ಜಾಗವಿದೆ, ಯಾಕೆ ಗೈರು ಎಂದು ಬರೆಯಲು ಜಾಗವಿಲ್ಲ.

ಈ ಖರ್ಚು ಕೊಡುವ ಪದ್ಧತಿಯೇ ನಮ್ಮ ದೇಶದಲ್ಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದಿಲ್ಲಿಯ ಕೇಂದ್ರ ಲೋಕಸೇವಾ ಆಯೋಗ ದೂರದಿಂದ ಸಂದರ್ಶನಕ್ಕೆ ಬಂದವರಿಗೆ ರೈಲಿನ ಕೆಳದರ್ಜೆಯ ದರದಷ್ಟು ಹಣವನ್ನು ಪ್ರಯಾಣ ವೆಚ್ಚಕ್ಕೆಂದು ಕೊಡುತ್ತದೆ. ರೈಲ್ವೆಯವರು ತಮ್ಮ ನೇಮಕಾತಿ ಪರೀಕ್ಷೆಗೆ ಹೋಗುವ ಪರಿಶಿಷ್ಟ ಜಾತಿ, ಪಂಗಡದ ಅಭ್ಯರ್ಥಿಗಳಿಗೆ ಸ್ಲೀಪರ್ ದರ್ಜೆಯ ಉಚಿತ ಪ್ರಯಾಣದ ಪತ್ರ ಕೊಡುತ್ತಾರೆ. ರೈಲಿನಲ್ಲಿ ಇನ್ನೊಂದು ರಿಯಾಯಿತಿಯೂ ಇತ್ತು. ಕೇಂದ್ರ, ರಾಜ್ಯ ಸರ್ಕಾರದ ನೌಕರಿಯ ಸಂದರ್ಶನಕ್ಕೆ ಹೋಗುವ ನಿರುದ್ಯೋಗಿಗಳಿಗೆ ಎರಡನೆಯ ದರ್ಜೆಯಲ್ಲಿ ಪೂರ್ತಿ ಮಾಫಿ, ಸ್ಲೀಪರಿನಲ್ಲಿ ಅರ್ಧ. ನಿಗಮ, ವಿಶ್ವವಿದ್ಯಾಲಯಗಳ ಸಂದರ್ಶನಕ್ಕೂ ಅರ್ಧ ಮಾಫಿ. ಎಷ್ಟು ಮನೆಗಳಿಗೆ ಇದು ಗೊತ್ತಿತ್ತು? ನಮ್ಮ ಓಣಿಯಲ್ಲಂತೂ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಕೋವಿಡ್ ಬಂತು. 2020ರ ಮಾರ್ಚಿನಲ್ಲಿ ವಿದ್ಯಾರ್ಥಿಗಳು, ರೋಗಿಗಳು, ಅಂಗವಿಕಲರನ್ನು ಬಿಟ್ಟು ಉಳಿದವರ ರಿಯಾಯಿತಿಯನ್ನೆಲ್ಲ ನಿಲ್ಲಿಸಿದರು. ರಿಯಾಯಿತಿ ಕಳಕೊಂಡ ಹಿರಿಯ ನಾಗರಿಕರ ಪರವಾಗಿ ಪತ್ರಿಕೆಗಳಲ್ಲಿ ಬರಹ ಬಂದವು, ಲೋಕಸಭೆಯಲ್ಲಿ ಪ್ರಶ್ನೆ ಎದ್ದವು. ನಿರುದ್ಯೋಗಿಗಳ ಪರವಾಗಿ ಯಾರೂ ಕೆಮ್ಮಿದ್ದನ್ನೂ ನಾನು ಕೇಳಲಿಲ್ಲ.

ಹೊರದೇಶದ ಮಾತೂ ಒಂದಿರಲಿ. ಜರ್ಮನಿಯಲ್ಲಿ ಸಂದರ್ಶನಕ್ಕೆ ಕರೆದವರು, ಕೊಡುವುದಿಲ್ಲವೆಂದು ಮೊದಲೇ ಹೇಳಿರದಿದ್ದರೆ, ಬಂದವರ ಪ್ರಯಾಣದ ಖರ್ಚು ಕೊಡಬೇಕು. ಮಾಲೀಕರು ಕೊಡದಿದ್ದರೆ ಅಲ್ಲಿನ ಉದ್ಯೋಗ ಕಚೇರಿಯ ಹತ್ತಿರ ಕೇಳಬಹುದು, ಆದರೆ ಪ್ರಯಾಣಕ್ಕೆ ಮೊದಲೇ ಕೇಳಬೇಕು. ಬ್ರಿಟನ್ನಿನ ಉದ್ಯೋಗ ಕೇಂದ್ರಗಳಲ್ಲೂ ಸಂದರ್ಶನದ ಬಸ್ಸು, ರೈಲಿನ ಖರ್ಚಿಗೆಂದು ಒಂದು ನಿಧಿ ಇದೆ. ಅವು ಶ್ರೀಮಂತ ದೇಶಗಳು, ನಿಜ. ಆದರೆ ಅಲ್ಲಿನವರು ಸಂದರ್ಶನಕ್ಕಾಗಿ ಬೆಂಡೋಲೆ ಅಡವಿಡುವಷ್ಟು ಬಡವರೂ ಅಲ್ಲವಲ್ಲ?

ನಮ್ಮಲ್ಲೂ ಒಂದು ವರ್ಗಕ್ಕೆ ಸಂದರ್ಶನದ ದಿನ ಪ್ರಯಾಣ ಭತ್ಯೆ ತಪ್ಪದೆ ಸಿಗುತ್ತದೆ. ಅವರು ಮೇಜಿನ ಆಚೆ ಕೂರುವವರು! ಪ್ರಶ್ನೆ ಕೇಳಲು ಬೇರೆ ಊರಿನಿಂದ ಬಂದ ಅಧಿಕಾರಿಗೆ, ತಜ್ಞರಿಗೆ ಭತ್ಯೆ ಉಂಟು, ಉಳಿಯಲು ಅತಿಥಿಗೃಹ ಉಂಟು. ತಿಂಗಳ ಸಂಬಳ ಬರುವವರಿಗೆ ಬಸ್ಸಿನ ಖರ್ಚು ಸರ್ಕಾರದ್ದು, ಸಂಬಳವೇ ಇಲ್ಲದವಳಿಗೆ ಸ್ವಂತದ್ದು. ಇದನ್ನು ನಮ್ಮ ಸಂಘದ ಹೆಂಗಸರಿಗೆ ವಿವರಿಸಿ ಹೇಳಿದಾಗ ಅವರು ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದು ನಕ್ಕರು.

ಹೆಣ್ಣು ನೋಡುವ ಶಾಸ್ತ್ರವನ್ನು ನಾವು ಹೆಂಗಸರು ಎಷ್ಟು ಬಯ್ದಿದ್ದೇವೆ, ಎಷ್ಟು ಬರೆದಿದ್ದೇವೆ! ಶಿರಾ, ಉಪ್ಪಿಟ್ಟಿನ ಖರ್ಚು ಹೆಣ್ಣಿನವರದು, ತಲೆ ತಗ್ಗಿಸಿ ಕೂರುವುದು ಹೆಣ್ಣು, ಆಮೇಲೆ ‘ತಿಳಿಸುತ್ತೇವೆ’ ಎಂಬ ಮಾತು. ಆದರೆ ಅಲ್ಲೂ ಗಂಡಿನವರು ತಮ್ಮ ಬಸ್ಸಿನ ಖರ್ಚಿನಲ್ಲಿ ಬರುತ್ತಾರೆ. ಸಂದರ್ಶನದಲ್ಲಿ ಆ ಮರ್ಯಾದೆಯೂ ಇಲ್ಲ. ಆರಿಸುವವರು ಕೂತಲ್ಲೇ ಇರುತ್ತಾರೆ. ಒಂದು ಹುದ್ದೆಗೆ ಐದು ಜನರನ್ನು ಕರೆಸಿ ಒಳ್ಳೆಯವರನ್ನು ಆರಿಸಿಕೊಳ್ಳುವುದು ಕರೆದವರ ಲಾಭಕ್ಕೆ. ಆ ಆಯ್ಕೆಯ ಖರ್ಚನ್ನು ನೌಕರಿ ಸಿಗದ ನಾಲ್ವರು ಹೊರಬೇಕೆನ್ನುವುದು ಯಾವ ಸೀಮೆಯ ನ್ಯಾಯ?

‘ಖರ್ಚು ಕೊಟ್ಟರೆ ಎಲ್ಲರೂ ಬೆಂಗಳೂರು ನೋಡಲು ಬಂದುಬಿಡುತ್ತಾರೆ’ ಎಂದು ನನ್ನ ಪರಿಚಯದ ನಿವೃತ್ತ ಅಧಿಕಾರಿಯೊಬ್ಬರು ಹೇಳಿದರು. ಎದೆ ಡವಗುಟ್ಟುತ್ತಾ, ಕಡತ ಅವುಚಿಕೊಂಡು, ಹೊಟ್ಟೆ ತೊಳಸುವಂಥ ರಾತ್ರಿ ಪ್ರಯಾಣ ಮಾಡಿ ಲಾಲ್‌ಬಾಗ್ ನೋಡಲು ಬರುವ ಹುಡುಗಿ ಯಾರಾದರೂ ಇದ್ದರೆ ಅವಳಿಗೆ ನಾನೇ ಟಿಕೆಟ್ಟು ತೆಗೆಸಿಕೊಡುತ್ತೇನೆ. ಸಂದರ್ಶನಕ್ಕೆ ಯಾರೂ ತಾವಾಗಿ ನುಗ್ಗುವುದಿಲ್ಲ, ಅರ್ಜಿ ನೋಡಿ, ಅಂಕ ನೋಡಿ ನೀವೇ ಕರೆಯುತ್ತೀರಿ. ಕರೆಯುವ ಸಂಖ್ಯೆ ನಿಮ್ಮ ಕೈಯಲ್ಲೇ ಇದೆ.

ಇನ್ನು ಕೆಲವರು ಈಗ ಸಂದರ್ಶನಗಳೇ ಕಡಿಮೆಯಾಗಿವೆ ಎನ್ನುತ್ತಾರೆ. ಕೇಂದ್ರ ಸರ್ಕಾರ 2016ರ ಜನವರಿಯಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನ ತೆಗೆದುಹಾಕಿದ್ದು ನಿಜ, ಒಳ್ಳೆಯದೇ ಆಯಿತು. ಆದರೆ ದಾಖಲೆ ಪರಿಶೀಲನೆ ಎಂಬುದೊಂದು ಇದೆಯಲ್ಲ? ಅಂಕಪಟ್ಟಿಯ ಮೂಲ ಪ್ರತಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಕೊಡುವ ಐದು ನಿಮಿಷದ ಕೆಲಸಕ್ಕೆ ಔರಾದಿನಿಂದ ಬೆಂಗಳೂರಿಗೆ ಹೋಗಬೇಕು. 371 (ಜೆ) ಕಲಮನ್ನೇ ತೆಗೆದುಕೊಳ್ಳಿ. 2013ರಲ್ಲಿ ಜಾರಿಗೆ ಬಂದ ಈ ತಿದ್ದುಪಡಿಯಿಂದ ನಮ್ಮ ಭಾಗದ ಹುದ್ದೆಗಳಲ್ಲಿ ನಮ್ಮವರಿಗೆ ದೊಡ್ಡ ಪಾಲು ಸಿಕ್ಕಿತು. ‘ಸಿ’ ವರ್ಗದಲ್ಲಿ ನೂರಕ್ಕೆ ಎಂಬತ್ತು, ‘ಡಿ’ ವರ್ಗದಲ್ಲಿ ಎಂಬತ್ತೈದು. ಅದಕ್ಕಾಗಿ ಹೋರಾಡಿದವರಿಗೆ ನಮ್ಮ ಮಕ್ಕಳು ಋಣಿಗಳು. ಈ ಕಲಮಿನ ಅರ್ಹತಾ ಪತ್ರ ಕೊಡುವುದು ಇಲ್ಲಿಯದೇ ಸಹಾಯಕ ಆಯುಕ್ತರ ಕಚೇರಿ. ಬೀದರಿನಲ್ಲಿ ಕೊಟ್ಟ ಪತ್ರವನ್ನು, ಬೀದರಿನ ಹುದ್ದೆಗಾಗಿ, ಬೀದರಿನ ಹುಡುಗಿ ಏಳುನೂರು ಕಿಲೋಮೀಟರ್ ಹೊತ್ತುಕೊಂಡು ಹೋಗಿ ತೋರಿಸಿ ಬರಬೇಕೇಕೆ? ಜಿಲ್ಲಾಧಿಕಾರಿಗಳ ಕಚೇರಿಯಲ್ಲೇ ಒಂದು ಮೇಜು ಹಾಕಿ ನೋಡಿದರೆ ಯಾವ ಆಕಾಶ ಕಳಚಿ ಬೀಳುತ್ತದೆ? 2024-25ರ ಬಜೆಟ್ಟಿನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5000 ಕೋಟಿ ರೂಪಾಯಿ ಎಂದು ಘೋಷಿಸಿದರು. ಅದರಲ್ಲಿ ರಸ್ತೆ ಆಗಲಿ, ಕಟ್ಟಡ ಆಗಲಿ, ಬೇಡವೆನ್ನುವುದಿಲ್ಲ. ಆ ರಸ್ತೆಯ ಮೇಲೆ ನೌಕರಿಗೆ ಹೋಗುವ ಮಕ್ಕಳ ಬಸ್ ಚಾರ್ಜು ಆ ರಾಶಿಯಲ್ಲಿ ಎಷ್ಟನೆಯ ಕಾಳು?

ಯುವನಿಧಿಯ ಮಾತು ಹೇಳಿಬಿಡುತ್ತೇನೆ. ಪದವೀಧರರಿಗೆ ತಿಂಗಳಿಗೆ ಮೂರು ಸಾವಿರ, ಡಿಪ್ಲೊಮಾದವರಿಗೆ ಒಂದೂವರೆ ಸಾವಿರ, ಎರಡು ವರ್ಷದ ಮಟ್ಟಿಗೆ. ಅದು ಶುರುವಾದದ್ದು 2022-23ರಲ್ಲಿ ಪಾಸಾದವರಿಂದ. ಅದಕ್ಕೆ ಮುಂಚೆ ಪಾಸಾಗಿ ಇನ್ನೂ ಅಲೆಯುತ್ತಿರುವ ನಮ್ಮ ಹುಡುಗಿಯಂಥವರು ಅದರ ಲೆಕ್ಕಕ್ಕೆ ಬರುವುದಿಲ್ಲ. ಹೆಚ್ಚು ವರ್ಷ ನಿರುದ್ಯೋಗಿಯಾಗಿರುವುದೇ ಅನರ್ಹತೆ!

ಅವಳಿಗೆ ಮೂರನೆಯ ಕರೆ ಬಂದದ್ದು ಹೋದ ಮಳೆಗಾಲದಲ್ಲಿ. ಅವಳು ಹೋಗಲಿಲ್ಲ. ಕೇಳಿದವರಿಗೆಲ್ಲ ‘ಜ್ವರ ಬಂದಿತ್ತು’ ಎಂದಳು. ನನಗೂ ಹಾಗೇ ಹೇಳಿದಳು. ಜ್ವರ ಬಂದವಳು ಆ ದಿನ ಸಂಜೆ ಮಕ್ಕಳಿಗೆ ತ್ರಿಕೋನಮಿತಿ ಹೇಳಿಕೊಡುತ್ತಿದ್ದದ್ದು ನನ್ನ ಅಡಿಗೆಮನೆಯ ಕಿಟಕಿಗೆ ಕೇಳುತ್ತಿತ್ತು. ಒಂದು ವಾರ ಬಿಟ್ಟು ಅವ್ವ ಊರಿನಿಂದ ಬಂದರು, ಬರಿಗಿವಿ. ‘ಇನ್ನ ಸಾಕ್ರಿ ಬಾಯಾರ, ವರಾ ನೋಡ್ಲಿಕತ್ತೀವಿ. ಬೆಂಗ್ಳೂರಿಗಿ ಹೋಗಿ ಬರೂ ರೊಕ್ಕದಾಗ ಅಕೀನ ಲಗ್ನದ ಸೀರಿ ಬರ್ತಾವ’ ಎಂದರು. ಹುಡುಗಿ ನೆಲ ನೋಡುತ್ತಾ ಕೂತಿದ್ದಳು. ನನಗೆ ಆ ತಾಯಿಯ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದು ಇನ್ನೊಬ್ಬರ ಮೇಲೆ, ಅದಕ್ಕೇ ಈ ಬರಹ.

ಸ್ವಸಹಾಯ ಸಂಘಗಳಿಗೆ ಸಾಲ ಕೊಡುವುದರಲ್ಲಿ ನಮ್ಮ ಬೀದರ ಜಿಲ್ಲೆಯ ಸಹಕಾರ ಬ್ಯಾಂಕಿಗೆ ನಾಡಿನಲ್ಲೇ ಹೆಸರಿದೆ. ಹೀಗಾಗಿ ನಮ್ಮ ಕಡೆ ಸಂಘವಿಲ್ಲದ ಓಣಿ ಸಿಗುವುದು ಕಷ್ಟ. ನಮ್ಮದೂ ಒಂದಿದೆ. ಎಮ್ಮೆಗೆ, ಹೊಲಿಗೆ ಯಂತ್ರಕ್ಕೆ, ಲಗ್ನಕ್ಕೆ, ಆಸ್ಪತ್ರೆಗೆ ಅದರಲ್ಲಿ ಸಾಲವೆತ್ತುತ್ತೇವೆ. ಸಂದರ್ಶನಕ್ಕೆ ಯಾರೂ ಎತ್ತಿದ್ದಿಲ್ಲ. ಹೋದ ಶ್ರಾವಣದ ಸಭೆಯಲ್ಲಿ ನಾನು ಈ ಮಾತು ತೆಗೆದೆ. ‘ಎಮ್ಮಿ ಹಾಲು ಕೊಡ್ತದ, ಇಂಟರ್‌ವ್ಯೂ ಏನು ಕೊಡ್ತದ? ನೌಕರಿ ಸಿಗಲಿಲ್ಲಂದ್ರ ರೊಕ್ಕ ಯಾರು ತುಂಬೋರು?’ ಎಂದು ಲೆಕ್ಕ ಬರೆಯುವ ಅಕ್ಕ ಕೇಳಿದರು. ಅವರದು ತಪ್ಪಲ್ಲ, ಹತ್ತು ಮಂದಿಯ ದುಡ್ಡು. ಆಗ ಮಾತಾಡಿದವರು ಗುದ್ದಲಿ ಕೆಲಸ ಮಾಡಿ ಸೊಂಟ ಬಾಗಿದ ನಮ್ಮ ಕಾಯಿಪಲ್ಯೆ ಮಾರುವ ಆಯಿ. ‘ಲಗ್ನಕ್ಕ ಐವತ್ತು ಸಾವಿರ ಕೊಡ್ತೀರಿ. ಆರು ತಿಂಗಳದಾಗ ಪೋರಿ ತವರಮನಿಗಿ ಬಂದು ಕುಂತ್ರ ಅದು ವಾಪಸ್ ಬರ್ತದೇನು? ಆವಾಗ ಯಾರೂ ಕೇಳಂಗಿಲ್ಲ. ಪೋರಿ ತನ್ನ ಕಾಲಮ್ಯಾಲ ನಿಂದ್ರಾಕ ಹೊಂಟ್ರ ಎಲ್ಲಾರಿಗೂ ಲೆಕ್ಕ ನೆನಪಾಗ್ತದ!’ ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಅಷ್ಟರಲ್ಲಿ ತಲೆಯ ಮೇಲೆ ವಿಮಾನ ಬಂದದ್ದರಿಂದ ಸುಮ್ಮನಿರಲು ಎಲ್ಲರಿಗೂ ಒಂದು ನೆವ ಸಿಕ್ಕಿತೆನ್ನಿ.

ವಿಮಾನ ಹೋದಮೇಲೆ ಠರಾವು ಆಯಿತು. ವಾರದ ಉಳಿತಾಯದ ಜೊತೆಗೆ ಪ್ರತಿಯೊಬ್ಬರೂ ಹತ್ತು ರೂಪಾಯಿ ಬೇರೆ ಡಬ್ಬಿಗೆ. ಓಣಿಯ ಯಾವ ಹುಡುಗಿಗೆ ಕರೆ ಬಂದರೂ ಆ ಡಬ್ಬಿಯಿಂದ. ಬಡ್ಡಿ ಇಲ್ಲ, ನೌಕರಿ ಸಿಕ್ಕರೆ ತುಂಬಬೇಕು, ಸಿಗದಿದ್ದರೆ ಕೇಳಬಾರದು. ನೀವೂ ನಿಮ್ಮ ಓಣಿಯಲ್ಲಿ ಇಂಥದೊಂದು ಡಬ್ಬಿ ಇಟ್ಟರೆ ಒಳ್ಳೆಯದು. ಆದರೆ ನಮ್ಮ ಡಬ್ಬಿ ಇದೆಯೆಂದು ಕರೆಯುವವರು ಹಾಯಾಗಿ ಕೂರುವಂತಾಗಬಾರದು. ಕೂಲಿ ಹೆಂಗಸರು ಹತ್ತು ಹತ್ತು ರೂಪಾಯಿ ಕೂಡಿಸಿ ಸರ್ಕಾರದ ಆಯ್ಕೆಯ ಖರ್ಚು ತುಂಬುವುದನ್ನು ಸಹಾಯ ಎಂದು ಕರೆಯಲು ನನಗೆ ಮನಸ್ಸಾಗದು. ಅದು ಅವರು ನಮಗೆ ಬಾಕಿ ಇಟ್ಟಿರುವ ದುಡ್ಡು.

ಕರೆ ಬಂದರೆ ಪತ್ರವನ್ನು ಪೂರ್ತಿ ಓದಿರಿ, ಭತ್ಯೆಯ ಮಾತೇ ಇಲ್ಲದಿದ್ದರೆ ಫೋನು ಮಾಡಿ ಕೇಳಿರಿ. ಕೊಡುವವರು ಟಿಕೆಟ್ಟು ಕೇಳುತ್ತಾರೆ, ಆದ್ದರಿಂದ ಟಿಕೆಟ್ಟನ್ನು ಬಸ್ಸಿಳಿದ ಕೂಡಲೇ ಮುದುಡಿ ಎಸೆಯಬೇಡಿ. ಕೇಳುವುದಕ್ಕೆ ನಾಚಿಕೆ ಬೇಡ. ಅವರು ನಮ್ಮ ಹುಡುಗಿಯರಿಗೆ ಅಂಕಪಟ್ಟಿಯ ಏಳು ಪ್ರತಿ ಕೇಳಲು ನಾಚುವುದಿಲ್ಲ.

ಈಗ ನಾವು ಒಂದು ಮನವಿ ಬರೆದಿದ್ದೇವೆ. ದಾಖಲೆ ಪರಿಶೀಲನೆ ಬೀದರಿನಲ್ಲೇ ನಡೆಯಬೇಕು. ಕಲಬುರಗಿಯಾಚೆ ಕರೆದರೆ ಹೋಗಿಬರುವ ಖರ್ಚನ್ನು ಅದೇ ದಿನ, ಅದೇ ಮೇಜಿನ ಮೇಲೆ, ಕೈಗೆ ಕೊಡಬೇಕು. ಹೆಣ್ಣುಮಕ್ಕಳಿಗೆ ಜೊತೆಗೆ ಬಂದವರದ್ದೂ ಸೇರಿಸಿ ಕೊಡಬೇಕು, ಇಲ್ಲವೇ ಹಿಂದಿನ ರಾತ್ರಿ ಉಳಿಯಲು ಸರ್ಕಾರಿ ವಸತಿನಿಲಯದಲ್ಲಿ ಒಂದು ಹಾಸಿಗೆ ಕೊಡಬೇಕು. ಹನ್ನೊಂದು ಸಹಿಗಳಾಗಿವೆ, ಆಯಿಯದು ಹೆಬ್ಬೆಟ್ಟು. ಅಕ್ಷರ ತಿದ್ದಿದವಳು ಔರಾದಿನ ಹುಡುಗಿಯೇ. ಅವಳಿಗೆ ಮುಂದಿನ ತಿಂಗಳು ಮತ್ತೊಂದು ಕರೆ ಇದೆ. ಡಬ್ಬಿಯಲ್ಲಿ ಸದ್ಯಕ್ಕೆ 1760 ರೂಪಾಯಿ ಇದೆ. ಸೋಮವಾರ ನಾವೆಲ್ಲ ಕೂಡಿ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುವವರಿದ್ದೇವೆ, ಅಲ್ಲಿಯವರೆಗಿನ ಬಸ್ಸಂತೂ ನಮಗೆ ಪುಕ್ಕಟೆ.